ಮಯಿಲ್‌ಸಾಮಿಯ ಎಡಗೈ ತೋರುಬೆರಳು

ಓಟು ಹಾಕುವುದರಲ್ಲಿ ಮಯಿಲ್‌ಸಾಮಿಯನ್ನು ಮೀರಿಸುವವರು ಚೌಡಮ್ಮನ ಕೋಯಿಲ್ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಇದು ಬೀದಿಯವರು ಹೇಳಿದ ಮಾತಲ್ಲ, ಮಯಿಲ್‌ಸಾಮಿಯೇ ಹೇಳಿಕೊಂಡದ್ದು. ಆದರೆ ಇಪ್ಪತ್ತೆರಡು ವರ್ಷ ಒಂದೇ ಮಾತನ್ನು ಹೇಳುತ್ತ ಬಂದರೆ ಬೀದಿಯೂ ಒಪ್ಪಿಬಿಡುತ್ತದೆ. ಅರವತ್ತೇಳರಲ್ಲಿ ಇಪ್ಪತ್ತೊಂದು ತುಂಬಿದ ಲಾಗಾಯ್ತು ಅವನು ಒಂದು ಎಲೆಕ್ಷನ್ನನ್ನೂ ಬಿಟ್ಟವನಲ್ಲ. ಪಂಚಾಯ್ತಿಯದೂ ಸೇರಿ ಎಂಟು. ಓಟಿನ ದಿನ ಬೆಳಿಗ್ಗೆ ಏಳಕ್ಕೇ ಎಣ್ಣೆಸ್ನಾನ ಮುಗಿಸಿ, ವಿಭೂತಿ ಬಳಿದು, ಮದುವೆಯ ಶಲ್ಯ ಹೆಗಲಿಗೆ ಹಾಕಿ, ಶಾಲೆಯ ಮುಂದಿನ ಸಾಲಿನಲ್ಲಿ ಮೊದಲನೆಯವನಾಗಿ ನಿಂತಿರುತ್ತಿದ್ದ.

ತಮಿಳು ಸೀಮೆಯ ಅವಿನಾಶಿಗೆ ಮೂರು ಮೈಲಿ ದೂರದ ಆ ಬೀದಿಯಲ್ಲಿ ಐವತ್ತು ಮನೆ, ಐವತ್ತೂ ನೇಕಾರರವು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಗುಡಿಯಲ್ಲಿ ಕೂತ ಚೌಡಮ್ಮನಿಗೆ ಎರಡೂ ಬರುತ್ತದೆ. ಮಿಕ್ಕವರೆಲ್ಲ ಮಗ್ಗಕ್ಕೆ ಕೂತರೆ ಮಯಿಲ್‌ಸಾಮಿಯದು ಬಣ್ಣದ ಕೆಲಸ. ನೂಲಿನ ಲಡಿಗಳನ್ನು ಬಣ್ಣದ ಹಂಡೆಯಲ್ಲಿ ಅದ್ದಿ, ಹಿಂಡಿ, ಒಣಗಿಸಿ ಕೊಡುವವನು ಅವನು. ಆ ನೂಲು ಪಂಚೆಯ ಅಂಚಿಗೆ ಹೋಗುತ್ತಿತ್ತು. ಅಂಚೆಂದರೆ ಬರೀ ಅಂಚಲ್ಲ, ಪಕ್ಷದ ಅಂಚು. ನಮ್ಮ ಕಡೆ ಒಬ್ಬ ಯಾವ ಪಕ್ಷದವನೆಂದು ತಿಳಿಯಲು ಅವನ ಬಾಯಿಯನ್ನು ನೋಡಬಾರದು, ಪಂಚೆಯ ಅಂಚನ್ನು ನೋಡಬೇಕು. ಬೀದಿಯಲ್ಲಿ ಎರಡು ಪಕ್ಷವಿತ್ತು, ಹಸಿರು ಅಂಚಿನದು ಮತ್ತು ನೀಲಿ ಅಂಚಿನದು. ಎರಡೂ ಪಕ್ಷದ ಮಾನ ಮಯಿಲ್‌ಸಾಮಿಯ ಹಂಡೆಯಲ್ಲಿ ಬೇಯುತ್ತಿತ್ತು. ಎಲೆಕ್ಷನ್ ಬಂತೆಂದರೆ ಅವನಿಗೆ ಕೈ ತೊಳೆಯಲೂ ಪುರುಸೊತ್ತಿಲ್ಲ. ವೇದಿಕೆಯ ಮೇಲೆ ಎಂದೂ ಕೂಡದ ಆ ಎರಡು ಪಕ್ಷಗಳೂ ಅವನ ಬೆರಳುಗಳಲ್ಲಿ ಕೂಡಿಕೊಂಡಿದ್ದವು. ಕೂಡಿದ ಮೇಲೆ ಬಂದ ಬಣ್ಣ ಕಪ್ಪು.

ಓಟಿನ ವಿಷಯದಲ್ಲಿ ಅವನ ಮನೆಯಲ್ಲಿ ಕಟ್ಟುನಿಟ್ಟಾದ ಕಾನೂನಿತ್ತು. ಹೆಂಡತಿ ಸುಬ್ಬಾತಾಳ್ ಮದುವೆಯಾದ ಹೊಸತರಲ್ಲಿ ಒಮ್ಮೆ ಬಾಯಿಬಿಟ್ಟು ಕೇಳಿದ್ದಳು: "ಏನುಂಗ, ಒಳಗೆ ಹೋಗಿ ನೀವು ಹೆಂಗೆ ಹಾಕಿದ್ರಿ?"

"ಯಾರಿಗೆ ಅಂತಲೂ ಕೇಳಬೇಡ, ಹೆಂಗೆ ಅಂತಲೂ ಕೇಳಬೇಡ. ಓಟು ರಗಸಿಯ. ಗಂಡ ಹೆಂಡತಿಗೆ ಹೇಳಬಾರದು, ಹೆಂಡತಿ ಗಂಡನಿಗೆ ಹೇಳಬಾರದು."

ಅಂದಿನಿಂದ ಆ ಮನೆಯಲ್ಲಿ ಓಟಿನ ಮಾತು ಗುಟ್ಟಾಗಿಯೇ ಉಳಿಯಿತು. ಆ ಕಾನೂನಿನಿಂದ ಎಂಥ ಅನಾಹುತವಾಯಿತೆಂಬುದು ಮುಂದೆ ಗೊತ್ತಾಗುತ್ತದೆ.

ಎಂಬತ್ತೆಂಟನೆಯ ಇಸವಿಯ ಮಾರ್ಗಳಿ ತಿಂಗಳು, ಡಿಸೆಂಬರಿನ ಚಳಿ. ಓಟಿನ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಲು ದೆಹಲಿಯಲ್ಲಿ ಒಪ್ಪಿಬಿಟ್ಟರೆಂದು ರೇಡಿಯೋ ಹೇಳಿತು. ತೈ ತಿಂಗಳಿನಲ್ಲಿ, ಪೊಂಗಲ್ ಕಳೆದು ಒಂದು ವಾರಕ್ಕೆ ನಮ್ಮ ರಾಜ್ಯದಲ್ಲಿ ಎಲೆಕ್ಷನ್. ಈ ಎಲೆಕ್ಷನ್‌ಗೇ ಹದಿನೆಂಟರವರು ಓಟು ಹಾಕಬಹುದೇ, ಇಲ್ಲ ಮುಂದಿನದಕ್ಕೆ ಕಾಯಬೇಕೇ ಎಂಬ ಪ್ರಶ್ನೆ ಎದ್ದಿತು. ಅದು ದೆಹಲಿಯಲ್ಲಿ ಎದ್ದಿತೋ ಇಲ್ಲವೋ ನಾ ಕಾಣೆ, ಮಯಿಲ್‌ಸಾಮಿಯ ಜಗುಲಿಯ ಮೇಲಂತೂ ಎದ್ದು ಕೂತಿತು.

ಹಸಿರು ಅಂಚಿನ ಬೀದಿ ಕಾರ್ಯದರ್ಶಿ ಅಯ್ಯಾಸಾಮಿ ಮೊದಲು ಬಂದ. ದಪ್ಪ ಮೈ, ದಪ್ಪ ಸ್ವರ. ಜಗುಲಿ ತಟ್ಟಿ ಹೇಳಿದ: "ಹದಿನೆಂಟಕ್ಕೆ ಮಗ್ಗಕ್ಕೆ ಕೂರಿಸ್ತೀವಿ, ಮದುವೆ ಮಾಡ್ತೀವಿ. ಓಟು ಮಾತ್ರ ಬೇಡ್ವಾ? ಈ ತೈ ತಿಂಗಳಿಗೇ ಕೊಡಬೇಕು! ಕೊಡದಿದ್ರೆ ರೋಡಿಗೆ ಇಳಿತೀವಿ!"

ನೀಲಿ ಅಂಚಿನ ಕಾರ್ಯದರ್ಶಿ ರಾಮಲಿಂಗಂ ಒಣಕಲು, ನಿಧಾನಿ. ಎಲೆಗೆ ಸುಣ್ಣ ಸವರುತ್ತಲೇ ಉತ್ತರ ಕೊಟ್ಟ: "ಅವಸರ ಏನುಂಗ ಅಣ್ಣಾ? ಬೇಯೋ ತನಕ ಇದ್ದೋರು ಆರೋ ತನಕ ಇರಬಾರದಾ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬೇಡಿ. ಮುಂದಿನ ಸಲ ನೋಡಾಣ."

ಇಬ್ಬರ ತತ್ವಕ್ಕೂ ಕಾರಣ ಸರಳವಾಗಿತ್ತು. ಬೀದಿಯಲ್ಲಿ ಹದಿನೆಂಟು ದಾಟಿ ಇಪ್ಪತ್ತೊಂದು ಮುಟ್ಟದವರು ಇಪ್ಪತ್ತೆಂಟು ಜನ. ಅವರೆಲ್ಲ ಹಸಿರು ಪಕ್ಷದ ಕಡೆಯವರೆಂದು ಅಯ್ಯಾಸಾಮಿಯೂ ನಂಬಿದ್ದ, ರಾಮಲಿಂಗಂ ಸಹ ನಂಬಿದ್ದ. ಹೀಗೆ ನಂಬಿಕೆಯಲ್ಲಿ ಒಂದಾಗಿದ್ದರಿಂದಲೇ ತತ್ವದಲ್ಲಿ ಬೇರೆಯಾಗಿದ್ದರು.

ಮಾರನೆಯ ವಾರ ರಾಮಲಿಂಗಂ ಗುಟ್ಟಾಗಿ ತಿರುಪ್ಪೂರಿಗೆ ಹೋಗಿ ಹುಡುಗರಿಗೆ ಒಂದು ವಾಲಿಬಾಲ್ ನೆಟ್ ತಂದುಕೊಟ್ಟ. ಹುಡುಗರು "ರಾಮಲಿಂಗಂ ಅಣ್ಣನಿಗೆ ಜೇ" ಎಂದರು. ಆ ಸಂಜೆಯೇ ಜಗುಲಿಯ ಮೇಲೆ ಇಬ್ಬರೂ ಬಾಯಿ ಬದಲಾಯಿಸಿದರು.

"ಯುವಕರ ಹಕ್ಕನ್ನು ಒಂದು ದಿನ ತಡ ಮಾಡಿದ್ರೂ ಪಾಪ ಸುತ್ತಿಕೊಳ್ತದೆ, ಈ ತೈಗೇ ಬೇಕು" ಎಂದ ರಾಮಲಿಂಗಂ.

"ಹಾಲು ಕುಡಿಯೋ ಬಾಯಿ ಅಣ್ಣಾ ಅವು! ಮೀಸೆ ನೆಟ್ಟಗೆ ಬಲೀಲಿ, ಆಮೇಲೆ ನೋಡಾಣ" ಎಂದ ಅಯ್ಯಾಸಾಮಿ.

ಮಯಿಲ್‌ಸಾಮಿಯ ಮಗಳು ಪೆರಿಯನಾಯಕಿ ಆಗಷ್ಟೇ ತಿರುಪ್ಪೂರಿನಿಂದ ಬಸ್ಸಿಳಿದು ಬಂದಿದ್ದಳು. ಹದಿನೆಂಟು ತುಂಬಿ ಮೂರು ತಿಂಗಳಾಗಿತ್ತು. ಅಲ್ಲಿ ಒಂದು ಬನಿಯನ್ ಕಂಪನಿಯಲ್ಲಿ, ಹೊಲಿದ ಬನಿಯನ್ನುಗಳನ್ನು ಬೆಳಕಿಗೆ ಹಿಡಿದು ತೂತು ಹುಡುಕುವುದು ಅವಳ ಕೆಲಸ. ಅದು ಕಂಪನಿಯಲ್ಲಿ ಮುಗಿಯುತ್ತಿರಲಿಲ್ಲ, ಮನೆಗೂ ಬರುತ್ತಿತ್ತು.

"ಅಯ್ಯಾಸಾಮಿ ಮಾಮಾ, ಮೊನ್ನೆ ಈಗಲೇ ಬೇಕು ಅಂದ್ರಲ್ಲ?"

"ಅದು ಮೊನ್ನೆ, ಕಣ್ಣು. ರಾಜಕೀಯದಲ್ಲಿ ಮೊನ್ನೆ ಅಂದ್ರೆ ಹೋದ ಜಲ್ಮ." ಮಕ್ಕಳನ್ನು ಮುದ್ದಿಗೆ ಕಣ್ಣು ಅಂತಲೇ ಕರೆಯುವುದು ನಮ್ಮ ಕಡೆ.

ಅಯ್ಯಾಸಾಮಿ ಸುಮ್ಮನೆ ಕೂರುವವನೇ? ಅವನು ಒಂದು ಕೇರಂ ಬೋರ್ಡ್ ತಂದುಕೊಟ್ಟ. ಹುಡುಗರು ಅವನಿಗೂ ಜೇ ಎಂದರು. ಈಗ ಇಪ್ಪತ್ತೆಂಟು ಓಟು ಯಾರ ಕಡೆಯೆಂಬುದು ಯಾರಿಗೂ ತಿಳಿಯದಂತಾಗಿ, ಈಗಲೇ ಬೇಕು ಅನ್ನಬೇಕೋ ಆಮೇಲೆ ಅನ್ನಬೇಕೋ ಎರಡು ಪಕ್ಷಕ್ಕೂ ಗೊತ್ತಾಗಲಿಲ್ಲ. ತಮ್ಮ ತೀರ್ಮಾನಕ್ಕಾಗಿ ದೆಹಲಿಯೇ ಉಸಿರು ಬಿಗಿಹಿಡಿದು ಕಾಯುತ್ತಿದೆಯೆಂದು ಇಬ್ಬರೂ ತಿಳಿದಿದ್ದರಿಂದ ತಳಮಳ ಹೆಚ್ಚಾಯಿತು. ಕೊನೆಗೆ ರಾಮಲಿಂಗಂ ಒಂದು ಉಪಾಯ ತೆಗೆದ. ಚೌಡಮ್ಮನ ಕೋಯಿಲ್ ಮಂಟಪದಲ್ಲಿ ಹದಿನೆಂಟರವರಿಗೆ ಒಂದು ಮಾದರಿ ಓಟು ನಡೆಸುವುದು. ಕಾಗದ, ಪೆಟ್ಟಿಗೆ, ಮುದ್ರೆ ಎಲ್ಲವೂ ಅಸಲಿನಂತೆಯೇ. ಎಣಿಸಿದ ಮೇಲೆ ಯಾರು ಗೆದ್ದರೋ ಅವರು "ಈಗಲೇ" ಅನ್ನುವುದು, ಸೋತವರು "ಆಮೇಲೆ" ಅನ್ನುವುದು.

"ಆಫೀಸರಾಗಿ ಕೂರೋರು ಯಾರು?" ಎಂದ ಅಯ್ಯಾಸಾಮಿ.

ಇಬ್ಬರೂ ಒಟ್ಟಿಗೆ ಹಂಡೆಯ ಕಡೆ ನೋಡಿದರು. ಎಂಟು ಎಲೆಕ್ಷನ್ ಕಂಡ ಮಹಾನುಭಾವ ಅಲ್ಲಿ ಮೊಳಕೈವರೆಗೆ ನೀಲಿಯಾಗಿ ನಿಂತಿದ್ದ.

ಆ ಭಾನುವಾರದವರೆಗೆ ಮಯಿಲ್‌ಸಾಮಿ ನೆಲದ ಮೇಲೆ ನಡೆದಿದ್ದನ್ನು ಯಾರೂ ಕಂಡಿಲ್ಲ. ಟೀ ಅಂಗಡಿಯಲ್ಲಿ ಟೀ ಕುಡಿಯುವಾಗಲೂ ಆಫೀಸರಂತೆಯೇ ಹುಬ್ಬು ಗಂಟಿಕ್ಕಿ ಕುಡಿದ. ಮಗಳಿಗೆ ಹೇಳಿದ: "ನೋಡು ಕಣ್ಣು, ಓಟು ಅಂದ್ರೆ ಆಟ ಅಲ್ಲ. ಒಳಗೆ ಹೋದ್ರೆ ಬಾಯಿ ಬಿಡಬಾರದು. ಆಫೀಸರ ಮುಂದೆ ನಾನು ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಅದೇ ಮರ್ಯಾದೆ." ಇದು ಮಾತ್ರ ಅಕ್ಷರಶಃ ನಿಜ. ಕಣ್ಣಿಗೆ ಕನ್ನಡಕ, ಮುಂದೊಂದು ಮೇಜು ಇದ್ದವರನ್ನು ಕಂಡರೆ ಮಯಿಲ್‌ಸಾಮಿಯ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಭಾನುವಾರ ಬೀದಿಗೆ ಬೀದಿಯೇ ಮಂಟಪದಲ್ಲಿ ಸೇರಿತು. ಮಂಟಪಕ್ಕೆ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ನಡುವೆ ಮೇಜು, ಕಾಗದದ ಕಟ್ಟು, ಬಿಸ್ಕತ್ತಿನ ಡಬ್ಬದಲ್ಲಿ ತೂತು ಕೊರೆದ ಪೆಟ್ಟಿಗೆ. ಮುದ್ರೆಯೊತ್ತಲು ಮೂಲೆಯಲ್ಲಿ ಸೀರೆಯ ಮರೆ. ಪೆರಿಯನಾಯಕಿಗೆ ಹೆಸರು ಕೂಗುವ ಕೆಲಸ. ಉಳಿದ ಇಪ್ಪತ್ತೇಳು ಜನ ಸಾಲಾಗಿ ನಿಂತರು.

"ಮೊದಲು ದೊಡ್ಡೋರು ಹಾಕಿ ತೋರಿಸಲಿ, ನೋಡಿ ಕಲೀತಾವೆ" ಎಂದಳು ಮುದುಕಿ ಪಳನಿಯಮ್ಮ. ಬೀದಿಯಲ್ಲಿ ಹುಟ್ಟಿದವರಿಗೆಲ್ಲ ಹೊಕ್ಕುಳ ಕೊಯ್ದವಳು ಅವಳು, ಅವಳ ಮಾತಿಗೆ ಅಪೀಲಿಲ್ಲ.

ಮಯಿಲ್‌ಸಾಮಿ ಎದ್ದ. ಶಲ್ಯ ಸರಿಮಾಡಿಕೊಂಡ. ಹೊರಗೆ ಹೋಗಿ, ಮುಂಬಾಗಿಲಿನಿಂದ ಬಲಗಾಲಿಟ್ಟು ಒಳಗೆ ಬಂದ. ಮಗಳು "ಮಯಿಲ್‌ಸಾಮಿ!" ಎಂದು ಕೂಗಿದಳು. ಮೇಜಿನ ಮುಂದೆ ನಿಂತು ಎಡಗೈ ತೋರುಬೆರಳನ್ನು ನೆಟ್ಟಗೆ ನೀಡಿದ. ಒಂದು ಕ್ಷಣ ಹಾಗೆಯೇ ಹಿಡಿದ. ತಲೆ ಬಾಗಿಸಿದ. ಗಂಭೀರವಾಗಿ ಹೆಜ್ಜೆ ಹಾಕುತ್ತ ಹಿಂಬಾಗಿಲಿನಿಂದ ಹೊರಟುಹೋದ.

ಬೀದಿ ಕಾಯಿತು. ಅವನು ಮಂಟಪವನ್ನು ಸುತ್ತಿ ಬಂದು, ಮುಂಬಾಗಿಲಲ್ಲಿ ಕೈಮುಗಿದು ನಿಂತ.

"ಆಯಿತು" ಎಂದ.

"ಏನಾಯಿತು?" ಎಂದಳು ಪಳನಿಯಮ್ಮ.

"ಓಟು."

ಸಾಲಿನಲ್ಲಿದ್ದ ಮೊದಲ ಮೂರು ಹುಡುಗರು ವಿಧೇಯರು. ಅವರೂ ಒಬ್ಬರ ಹಿಂದೊಬ್ಬರು ಬೆರಳು ತೋರಿಸಿ ಹಿಂಬಾಗಿಲಿನಿಂದ ಹೊರಟುಹೋದರು. ನಾಲ್ಕನೆಯವನನ್ನು ಪೆರಿಯನಾಯಕಿ ತಡೆದಳು.

"ಅಪ್ಪಾ, ಕಾಗದ ತಗೊಳ್ಳಲಿಲ್ಲವಲ್ಲ?"

ಮಯಿಲ್‌ಸಾಮಿ ನಕ್ಕ. ತಿಳಿದವರು ತಿಳಿಯದವರನ್ನು ನೋಡಿ ನಗುವ ನಗು. "ಕಾಗದ ಹೊಸಬರಿಗೆ ಕಣ್ಣು. ಬೆರಳು ಬಿಳೀ ಇದ್ದೋರಿಗೆ. ನನ್ನಂಥ ಹಳಬರ ಬೆರಳು ನೋಡಿದ್ರೆ ಸಾಕು, ಆಫೀಸರು ಹಿಂದಿನ ಬಾಗಿಲು ತೋರಿಸ್ತಾರೆ. ಅರವತ್ತೇಳರಿಂದಲೂ ನಂಗೆ ಅದೇ ಮರ್ಯಾದೆ. ಒಂದು ಸಲವೂ ಕಾಗದ ಕೇಳಿಲ್ಲ, ಕೊಟ್ಟಿಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಹಂಡೆಯ ಕಪ್ಪು ಹತ್ತಿದ ಬೆರಳನ್ನು ಬೀದಿ ನೋಡಿತು, ನೋಡಿ ಒಟ್ಟಿಗೆ ಅರ್ಥಮಾಡಿಕೊಂಡಿತು. ಓಟು ಹಾಕಿದವನು ಮತ್ತೆ ಬರದಿರಲೆಂದು ಬೆರಳಿಗೆ ಹಚ್ಚುವ ಮಸಿ ಅವನ ಬೆರಳಿಗೆ ಹುಟ್ಟಿನಿಂದಲೇ ಹತ್ತಿದಂತಿತ್ತು. ಎಂಟು ಎಲೆಕ್ಷನ್‌ನಲ್ಲೂ, ಇವನು ಬೇರೆ ಬೂತಿನಲ್ಲಿ ಆಗಲೇ ಓಟು ಹಾಕಿ ಇಲ್ಲಿ ಎರಡನೆಯದಕ್ಕೆ ಬಂದಿದ್ದಾನೆಂದು ತಿಳಿದು ಆಫೀಸರು ಹೊರಗಟ್ಟಿದ್ದರು. ಇವನು ಅದನ್ನೇ ಓಟೆಂದು ತಿಳಿದು ಮನೆಗೆ ಬಂದು ಪಾಯಸ ಮಾಡಿಸಿದ್ದ.

ಮೊದಲು ನಕ್ಕವಳು ಪಳನಿಯಮ್ಮ. ಆಮೇಲೆ ಕಂಬಗಳನ್ನು ಬಿಟ್ಟು ಎಲ್ಲರೂ ನಕ್ಕರು. ಸುಬ್ಬಾತಾಳ್ ಮಾತ್ರ ಸೆರಗು ಬಾಯಿಗಿಟ್ಟುಕೊಂಡು "ಅಯ್ಯೋ, ಹೆಂಗೆ ಹಾಕಿದ್ರಿ ಅಂತ ನಾನು ಅವತ್ತೇ ಕೇಳಿದ್ದೆನಲ್ಲಾ!" ಎಂದಳು.

ನಗದಿದ್ದವರು ಇನ್ನಿಬ್ಬರಿದ್ದರು. ತೂತು ಹುಡುಕುವ ಕಣ್ಣಿಗೆ ಅದು ತಪ್ಪಲಿಲ್ಲ. ಅಯ್ಯಾಸಾಮಿ ಮೇಲ್ಛಾವಣಿ ನೋಡುತ್ತಿದ್ದ, ರಾಮಲಿಂಗಂ ಸುಣ್ಣದ ಡಬ್ಬಿ ನೋಡುತ್ತಿದ್ದ. ಎಪ್ಪತ್ತೇಳರಿಂದ ಓಟಿನ ಕೋಣೆಯಲ್ಲಿ ತಂತಮ್ಮ ಪಕ್ಷದ ಏಜೆಂಟರಾಗಿ ಬೆಂಚಿನ ಮೇಲೆ ಕೂತವರು ಅವರಿಬ್ಬರೇ.

"ಮಾಮಾ, ನಿಮಗೆ ಗೊತ್ತಿತ್ತಾ?" ಎಂದಳು ಪೆರಿಯನಾಯಕಿ.

ಅಯ್ಯಾಸಾಮಿಯ ದಪ್ಪ ಸ್ವರ ಸಣ್ಣಗಾಯಿತು. "ಅವನು ನೀಲಿಗೆ ಹಾಕ್ತಾನೆ ಅಂತ ಅನ್ಕೊಂಡಿದ್ದೆ ಕಣ್ಣು. ಹೋದ್ರೆ ಹೋಗಲಿ ಅಂತ…"

ರಾಮಲಿಂಗಂ ತಲೆಯೆತ್ತದೆ ಹೇಳಿದ: "ನಾನು ಹಸಿರಿಗೆ ಅನ್ಕೊಂಡಿದ್ದೆ."

ಆಗ ನಗು ನಿಂತಿತು. ಮಯಿಲ್‌ಸಾಮಿ ತನ್ನ ಬೆರಳನ್ನು ಒಮ್ಮೆ ನೋಡಿಕೊಂಡ. ಶಲ್ಯವನ್ನು ಹೆಗಲಿನಿಂದ ತೆಗೆದು ಮಡಿಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದ. ಹಿಂಬಾಗಿಲಿನಿಂದಲೇ ಹೋದ, ಅದೇ ರೂಢಿಯಾಗಿತ್ತಲ್ಲ. ಮಗಳ ಮುಂದೆ ಹೀಗಾಯಿತಲ್ಲ ಎಂಬುದೊಂದೇ ಅವನನ್ನು ಸುಡುತ್ತಿತ್ತು.

ಮಾರನೆಯ ದಿನ ಬಣ್ಣದ ಹಂಡೆಯ ಕೆಳಗೆ ಬೆಂಕಿ ಹತ್ತಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮಯಿಲ್‌ಸಾಮಿ ಹಿತ್ತಿಲ ಕಲ್ಲಿನ ಮೇಲೆ ಕೂತು ಬೆರಳು ತಿಕ್ಕುತ್ತಿದ್ದ. ಸೀಗೆಪುಡಿ, ಹುಣಸೆಹಣ್ಣು, ನಿಂಬೆಹುಳಿ, ಸೀಮೆಎಣ್ಣೆ, ಕೊನೆಗೆ ಇಟ್ಟಿಗೆಚೂರು. ಇಪ್ಪತ್ತೆರಡು ವರ್ಷದ ಎರಡು ಪಕ್ಷ ಅಷ್ಟು ಸುಲಭಕ್ಕೆ ಕೈ ಬಿಡುತ್ತದೆಯೇ? ಚರ್ಮ ಕೆಂಪಾಯಿತು, ಉಗುರಿನ ಸಂದಿಯ ಕಪ್ಪು ಕಪ್ಪಾಗಿಯೇ ಉಳಿಯಿತು. ತಿಕ್ಕುತ್ತಲೇ ಹೆಂಡತಿಗೆ ಹೇಳಿದ: "ಈ ಸಲ ಒಂದೇ ಒಂದು ಓಟು ಹಾಕಬೇಕು ಸುಬ್ಬಾ. ನಿಜವಾದ್ದು. ಆಮೇಲೆ ಬೀದಿ ಏನು ಬೇಕಾದ್ರೂ ಅನ್ನಲಿ."

ಮೂರನೆಯ ದಿನ ಎರಡು ಪಕ್ಷವೂ ಒಂದೇ ಸೈಕಲ್ಲಿನಲ್ಲಿ ಬಂದವು. ಅಯ್ಯಾಸಾಮಿ ತುಳಿಯುತ್ತಿದ್ದ, ರಾಮಲಿಂಗಂ ಹಿಂದೆ ಕೂತಿದ್ದ. ಇಂಥ ಕೂಟವನ್ನು ಬೀದಿ ಕಂಡಿರಲಿಲ್ಲ.

"ಅಣ್ಣಾ, ಪಂಚೆ ಅಂಚಿನ ಕರೆಗೆ ನೂಲಿಲ್ಲ, ಮಗ್ಗವೆಲ್ಲ ನಿಂತೈತೆ" ಎಂದ ಅಯ್ಯಾಸಾಮಿ. "ಕರೆ ಇಲ್ಲದ ಬಿಳೀ ವೇಷ್ಟಿ ಉಟ್ಟು ಓಟು ಕೇಳೋಕೆ ಹೋದ್ರೆ, ಜೋಸಿಯರು ಬಂದ್ರು ಅಂತ ಜಾತಕ ತಂದು ಮುಂದಿಡ್ತಾರೆ."

"ನಂದಂತೂ ಆಯ್ತು, ನೆನ್ನೆ ಒಂದು ಮನೇಲಿ ಹುಡುಗಿ ಜಾತಕ ಕೊಟ್ಟೇಬಿಟ್ರು" ಎಂದ ರಾಮಲಿಂಗಂ. ಆಮೇಲೆ ದನಿ ತಗ್ಗಿಸಿ ಸೇರಿಸಿದ: "ಇಪ್ಪತ್ತೆರಡು ವರ್ಷ ಆಗೋಯ್ತು. ಇನ್ನೊಂದಕ್ಕೆ ಏನುಂಗ? ನಿಮ್ಮ ಓಟು ಮುಂದಿನ ಸಲ ನೋಡ್ಕೋಬಹುದಲ್ಲ ಅಣ್ಣಾ."

ಮಯಿಲ್‌ಸಾಮಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಉತ್ತರ ಕೊಟ್ಟವಳು ಬಾಗಿಲಿಗೊರಗಿ ನಿಂತಿದ್ದ ಪೆರಿಯನಾಯಕಿ.

"ನನ್ನ ಓಟು ಮುಂದಿನ ಸಲ. ಅಪ್ಪನ ಓಟೂ ಮುಂದಿನ ಸಲ. ನಿಮ್ಮ ವೇಷ್ಟಿ ಮಾತ್ರ ಈ ಸಲವಾ ಮಾಮಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಅವಳು ಬೆರಳು ಮಡಿಚಿ ಎಣಿಸಿದಳು. "ನಾವು ಇಪ್ಪತ್ತೆಂಟು ಜನ. ಈ ತೈಗೆ ನಮಗೆ ಓಟಿಲ್ಲ ಅಂತ ನೆನ್ನೆ ರೇಡಿಯೋ ಹೇಳ್ತು, ಶರಿ, ಬಿಡಿ. ಆದ್ರೆ ಮುಂದಿನ ಎಲೆಕ್ಷನ್‌ಗೆ ಇರ್ತೀವಿ, ಅದರ ಮುಂದಿನದಕ್ಕೂ ಇರ್ತೀವಿ. ಓಟಿನ ದಿನ ಅಪ್ಪನ ಬೆರಳು ನೋಡಿ ಆಫೀಸರು ಬೇಡ ಅಂದ್ರೆ, ಬೆಂಚಿನಿಂದ ಯಾರು ಎದ್ರು, ಯಾರು ಕೂತೇ ಇದ್ರು ಅಂತ ಇಪ್ಪತ್ತೆಂಟು ಜನವೂ ಕೇಳಿ ತಿಳ್ಕೋತೀವಿ. ಮರೆಯೋ ವಯಸ್ಸಲ್ಲ ನಮ್ಮದು."

ಹದಿನೆಂಟರವರಿಗೆ ಓಟು ಕೊಡುವ ಕಾನೂನು ಜಾರಿಗೆ ಬಂದದ್ದು ಮಾರ್ಚಿನಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಚೌಡಮ್ಮನ ಕೋಯಿಲ್ ಬೀದಿಯಲ್ಲಿ ಅದು ಮಾರ್ಗಳಿಯಲ್ಲೇ, ಬಣ್ಣದ ಹಂಡೆಯ ಪಕ್ಕದಲ್ಲೇ ಜಾರಿಗೆ ಬಂತು. ಇಬ್ಬರೂ ಎದ್ದು ಹೇಳುವುದಾಗಿ ಚೌಡಮ್ಮನ ಮೇಲೆ ಆಣೆಯಿಟ್ಟರು. ಮಗಳು ಕಂಪನಿಯಿಂದ ತಂದ ಬನಿಯನ್ ಬಟ್ಟೆಯ ಚೂರನ್ನು ಅಪ್ಪನ ಎಡಗೈ ತೋರುಬೆರಳಿಗೆ ಸುತ್ತಿ ಕಟ್ಟಿದಳು. ಅಂದಿನಿಂದ ಮಯಿಲ್‌ಸಾಮಿ ಒಂಬತ್ತು ಬೆರಳಿನಿಂದ ಬಣ್ಣ ಹಾಕಿದ. ಒಂದು ಬೆರಳು ಮದುಮಗನಂತೆ ದೂರವೇ ನಿಂತಿತ್ತು.

ಪೊಂಗಲ್ ಮುಗಿಯಿತು. ಓಟಿನ ದಿನ ಬೆಳಿಗ್ಗೆ ಏಳಕ್ಕೆ ಮಯಿಲ್‌ಸಾಮಿ ಎಂದಿನಂತೆ ಸಾಲಿನಲ್ಲಿ ಮೊದಲನೆಯವನು. ಓಟಿಲ್ಲದವರು ದಾಟಬಾರದ ಸುಣ್ಣದ ಗೆರೆಯ ಆಚೆ ಇಪ್ಪತ್ತೆಂಟು ಜನ ಸಾಲಾಗಿ ನಿಂತಿದ್ದರು. ಪೊಲೀಸು ಬಂದು ಏನೆಂದು ಕೇಳಿದ. "ನಮಗೆ ವಯಸ್ಸಾಗಿಲ್ಲ ಸಾರ್, ನೋಡೋಕೆ ಬಂದಿದೀವಿ" ಎಂದಳು ಪೆರಿಯನಾಯಕಿ.

ಒಳಗೆ ಕನ್ನಡಕದ ಆಫೀಸರು ಬೆರಳನ್ನು ಹಿಡಿದು ತಿರುಗಿಸಿ ನೋಡಿದರು. ಬೆರಳು ಬೆಳ್ಳಗಿತ್ತು. ಉಗುರಿನ ಸಂದಿ ಕಪ್ಪಗಿತ್ತು. "ಬೇರೆ ಎಲ್ಲೋ ಆಗಲೇ ಹಾಕಿ ಬಂದಿದ್ದೀಯಲ್ಲಯ್ಯಾ. ತಿಕ್ಕಿ ತೊಳೆದುಕೊಂಡು ಬೇರೆ ಬಂದಿದ್ದೀಯ!" ಎಂದು ತಮಿಳಿನಲ್ಲಿ ಗದರಿ ಹಿಂಬಾಗಿಲು ತೋರಿಸಿದರು.

ಮಯಿಲ್‌ಸಾಮಿಯ ನಾಲಿಗೆ ಅಂಗುಳಕ್ಕೆ ಅಂಟಿತು. ಕಾಲುಗಳು, ಪಾಪ, ಎಂಟು ಎಲೆಕ್ಷನ್ನಿನ ಅಭ್ಯಾಸದಿಂದ ಹಿಂಬಾಗಿಲಿನ ಕಡೆ ತಿರುಗಿಯೂಬಿಟ್ಟವು.

ಆಗ ಬೆಂಚು ಕಿರುಗುಟ್ಟಿತು. ಎರಡು ತಲೆ ಒಟ್ಟಿಗೆ ಎದ್ದಿದ್ದರಿಂದ ಬೆಂಚೇ ಉರುಳಿತು.

"ಸಾರ್! ಅದು ಬಣ್ಣ ಸಾರ್!" ಎಂದ ಅಯ್ಯಾಸಾಮಿ.

"ನೂಲಿನ ಬಣ್ಣ ಸಾರ್! ಮೊದಲು ಎದ್ದೋನು ನಾನು ಸಾರ್, ಬರ್ಕೊಳ್ಳಿ!" ಎಂದ ರಾಮಲಿಂಗಂ.

"ಅವನಲ್ಲ ಸಾರ್, ನಾನು! ಇಲ್ಲಿ ನೋಡಿ, ನನ್ನ ಕರೆ ನೋಡಿ, ಇದೂ ಅವರ ಕೈ ಬಣ್ಣವೇ!" ಎಂದು ಅಯ್ಯಾಸಾಮಿ ಪಂಚೆಯ ಅಂಚನ್ನು ಮೇಜಿನವರೆಗೆ ಎತ್ತಿದ. ರಾಮಲಿಂಗಂ ಸಹ ಎತ್ತಿದ. ಆಫೀಸರು ಗಾಬರಿಯಾಗಿ ಇಬ್ಬರನ್ನೂ ಪಂಚೆ ಇಳಿಸಲು ಹೇಳಿದರು.

"ಎರಡು ಪಕ್ಷದವರೂ ಒಬ್ಬನ ಪರ ಎದ್ದಿದ್ದನ್ನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ. ನನಗೆ ಅನುಮಾನ ಬರುತ್ತಿರುವುದೇ ಅದಕ್ಕೆ" ಎಂದರು. ಆದರೂ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದರು, ಉಳಿದ ಒಂಬತ್ತನ್ನೂ ನೋಡಿದರು. ಒಂಬತ್ತು ಬೆರಳು ಕಪ್ಪು, ಒಂದು ಬಿಳಿ. ಒಂಬತ್ತು ಬೆರಳಿಗೆ ಓಟು ಹಾಕುವವರು ಯಾರೂ ಇಲ್ಲವೆಂದು ಅವರಿಗೆ ತೋರಿರಬೇಕು. ನಕ್ಕು, ಬೆರಳಿಗೆ ಮಸಿ ಹಚ್ಚಿ, ಕಾಗದ ಹರಿದುಕೊಟ್ಟರು.

ಮಯಿಲ್‌ಸಾಮಿ ಕಾಗದವನ್ನು ಎರಡೂ ಕೈಯಿಂದ, ಪ್ರಸಾದದಂತೆ ಹಿಡಿದುಕೊಂಡ. ಮರೆಯೊಳಗೆ ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಆಫೀಸರು ಎರಡು ಸಲ ಕೆಮ್ಮಿದರು. ಬಂದಾಗ ಅವನ ಕಣ್ಣು ಒದ್ದೆಯಾಗಿತ್ತು. ಯಾರಿಗೆ ಹಾಕಿದನೆಂದು ಕೇಳಬೇಡಿ. ಅದು ಇವತ್ತಿಗೂ ರಗಸಿಯ. ಪೆಟ್ಟಿಗೆಯ ಬಾಯಿಗೆ ಕಾಗದ ಹಾಕಿ, ಒಳಗೆ ಬಿತ್ತೇ ಎಂದು ಬಗ್ಗಿ ನೋಡಿ, ಆಮೇಲೆ ಹೊರಟ.

ಗೆರೆಯ ಆಚೆ ಮಗಳು ಕಾಯುತ್ತಿದ್ದಳು. "ಯಾರು ಎದ್ರಪ್ಪಾ?"

"ಇಬ್ಬರೂ. ಬೆಂಚೂ ಬಿತ್ತು" ಎಂದ. ಆಮೇಲೆ ಬೆರಳಿನ ಮಸಿ ನೋಡಿಕೊಂಡ. "ನಾನೇ ಹೇಳಬೇಕಿತ್ತು ಕಣ್ಣು. ಬಾಯಿ ಬರಲಿಲ್ಲ."

"ಮುಂದಿನ ಸಲ" ಎಂದಳು ಪೆರಿಯನಾಯಕಿ. ಆ ಮಾತು ಅವಳ ಬಾಯಲ್ಲಿ ಮೊದಲ ಸಲ ಚೆನ್ನಾಗಿ ಕೇಳಿಸಿತು.

ಮುಂದಿನ ಸಲ ಬರಲು ಹತ್ತು ತಿಂಗಳು ಸಾಕಾಯಿತು. ಎಂಬತ್ತೊಂಬತ್ತರ ನವೆಂಬರಿನಲ್ಲಿ ದೆಹಲಿಯ ಎಲೆಕ್ಷನ್. ಈ ಹೊತ್ತಿಗೆ ಹದಿನೆಂಟರವರ ಹೆಸರೆಲ್ಲ ಪಟ್ಟಿಯಲ್ಲಿ ಸೇರಿತ್ತು. ಈಗ ಅಯ್ಯಾಸಾಮಿ, ರಾಮಲಿಂಗಂ ಇಬ್ಬರೂ, ಹದಿನೆಂಟಕ್ಕೆ ಓಟು ಕೊಡಿಸಿದ್ದು ತಾನೇ ಎಂದು ಜಗುಲಿಯ ಮೇಲೆ ಜಗಳವಾಡುತ್ತಿದ್ದರು. ಅಂಚಿನ ನೂಲಿಗೆ ಎರಡರಷ್ಟು ಬೇಡಿಕೆ ಬಂತು. ಮಯಿಲ್‌ಸಾಮಿ ಮಾತ್ರ ಬೆರಳಿನ ಬನಿಯನ್ ಕಟ್ಟು ಬಿಚ್ಚಲು ಒಪ್ಪಲಿಲ್ಲ. ಒಂಬತ್ತು ಬೆರಳಿನಿಂದ ಹಿಂಡಿದರೆ ಕೆಲಸ ಸಾಗುವುದುಂಟೇ? ಪೆರಿಯನಾಯಕಿ ಕಂಪನಿಗೆ ವಾರದ ರಜೆ ಹಾಕಿ, ತಾನೂ ಹಂಡೆಯ ಮುಂದೆ ನಿಂತು ಲಡಿ ಹಿಂಡಿದಳು. ಓಟಿನ ಹಿಂದಿನ ದಿನ ಇಡೀ ಬೀದಿ ಬಂದು ಮಯಿಲ್‌ಸಾಮಿಯ ಬೆರಳನ್ನು ಪರೀಕ್ಷೆ ಮಾಡಿತು. ಪಳನಿಯಮ್ಮ ಕಣ್ಣಿಗೆ ಹತ್ತಿರ ಹಿಡಿದು "ಈಗ ಹುಟ್ಟಿದ ಕೂಸಿನ ಬೆರಳಿನ ಹಂಗೈತೆ" ಎಂದು ಸರ್ಟಿಫಿಕೇಟು ಕೊಟ್ಟಳು. ಕಣ್ಣೆಲ್ಲ ಒಂದು ಬೆರಳಿನ ಮೇಲಿದ್ದರೆ ಬೇರೆ ಬೆರಳನ್ನು ನೋಡುವವರು ಯಾರು?

ಅಪ್ಪ ಮುಂದೆ, ಮಗಳು ಹಿಂದೆ. ಮಯಿಲ್‌ಸಾಮಿಯ ಬೆರಳು ನೋಡಿ ಆಫೀಸರು ಒಂದು ಮಾತೂ ಆಡದೆ ಕಾಗದ ಕೊಟ್ಟರು. ಹಾಕಿದ. ಪೆಟ್ಟಿಗೆಯ ಬಳಿ ತಿರುಗಿ ನಿಂತು, ಮಗಳ ಮೊದಲ ಓಟನ್ನು ನೋಡಲು ಕಾದ.

"ಪೆರಿಯನಾಯಕಿ!"

ಅವಳು ಎಡಗೈ ನೀಡಿದಳು. ಆಫೀಸರು ನೋಡಿದರು. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಕಪ್ಪು.

"ಏನಮ್ಮಾ ಇದು? ಆಗಲೇ ಹಾಕಿದ್ದೀಯಲ್ಲ?" ಎಂದು ಹಿಂಬಾಗಿಲಿನ ಕಡೆ ಕೈ ತೋರಿಸಿದರು.

ಬೀದಿಯ ತೂತನ್ನೆಲ್ಲ ಹಿಡಿದ ಹುಡುಗಿ ತನ್ನ ಕೈಯನ್ನು ತಾನೇ ನೋಡಿಕೊಂಡು ಬೆಪ್ಪಾಗಿ ನಿಂತಳು. ಅವಳ ನಾಲಿಗೆಯೂ ಅಂಟಿತು, ಅಪ್ಪನ ಮಗಳಲ್ಲವೇ. ಬೆಂಚಿನ ಮೇಲಿದ್ದ ಇಬ್ಬರೂ ಏಳಲು ಪಂಚೆ ಕೂಡಿಸಿಕೊಂಡರು. ಆದರೆ ಅವರು ಏಳುವಷ್ಟರಲ್ಲಿ ಕೋಣೆಯ ಗೋಡೆಗಳು ಅದುರಿದವು.

"ಸಾರ್! ಅದು ಬಣ್ಣ!"

ಇಪ್ಪತ್ತೆರಡು ವರ್ಷ ಆಫೀಸರ ಮುಂದೆ ಬಾಯಿ ಬಿಡದ ಮಯಿಲ್‌ಸಾಮಿ ಮೇಜಿನ ಮುಂದೆ ಬಂದು ನಿಂತಿದ್ದ. ಎಂಟು ಎಲೆಕ್ಷನ್ನಿಗೆ ಕೂಡಿಟ್ಟ ಮಾತು ಒಂದೇ ಸಲಕ್ಕೆ ಹೊರಗೆ ಬಂತು. "ಬಣ್ಣ ಸಾರ್! ಮಸಿಯಲ್ಲ! ನಾವು ಬಣ್ಣದೋರು. ಈ ಎರಡು ಪಕ್ಷದೋರು ಉಟ್ಟಿರೋ ಕರೆಯೆಲ್ಲ ಈ ಕೈಯದ್ದೇ. ಇವಳು ನನ್ನ ಮಗಳು. ಹತ್ತೊಂಬತ್ತು ವಯಸ್ಸು. ಇದು ಇವಳ ಮೊದಲನೇ ಓಟು. ಕಾಗದ ಕೊಡಿ ಸಾರ್!"

ಅಷ್ಟು ಹೇಳಿ, ತನ್ನ ಕೈಯನ್ನು ಮಗಳ ಕೈಯ ಪಕ್ಕದಲ್ಲಿ ಮೇಜಿನ ಮೇಲಿಟ್ಟ. ಎರಡೂ ಕೈ ಒಂದೇ ಬಣ್ಣ. ಅವನ ಒಂದು ಬೆರಳು ಮಾತ್ರ ಬಿಳಿ, ಅದರ ಮೇಲೆ ಆಗ ತಾನೇ ಹಚ್ಚಿದ ಮಸಿ. ಮಸಿ ಯಾವುದು, ಬಣ್ಣ ಯಾವುದು ಎಂದು ಹೇಳಲು ಬೇರೆ ಸಾಕ್ಷಿ ಬೇಕಾಗಲಿಲ್ಲ. ಆಫೀಸರು ಎರಡನ್ನೂ ಹೋಲಿಸಿ ನೋಡಿ, ಕಾಗದ ಹರಿದರು. ಏಳಲು ಹೋಗಿದ್ದ ಎರಡು ಪಕ್ಷಗಳೂ ಏಳಬೇಕೋ ಕೂರಬೇಕೋ ತಿಳಿಯದೆ ಅರ್ಧಕ್ಕೇ ಬಗ್ಗಿ ನಿಂತಿದ್ದವು.

"ನಿಮ್ಮದು ಆಯಿತಲ್ಲ, ಹೊರಗೆ ಹೋಗಿ" ಎಂದರು ಆಫೀಸರು.

"ಮಗಳು ಹಾಕ್ತಾ ಅವಳೆ ಸಾರ್. ಮುಗಿಸಿಕೊಂಡು ಬರಲಿ, ಒಟ್ಟಿಗೆ ಹೋಗ್ತೀವಿ" ಎಂದ ಮಯಿಲ್‌ಸಾಮಿ. ಮಾತು ಒಮ್ಮೆ ಬಂದ ಮೇಲೆ ಅವನಿಗೆ ನಿಲ್ಲಿಸಲು ಮನಸ್ಸಿರಲಿಲ್ಲ.

ಅವಳು ಮರೆಯಿಂದ ಬಂದು ಕಾಗದವನ್ನು ಪೆಟ್ಟಿಗೆಗೆ ಹಾಕಿದಳು. ಒಳಗೆ ಬಿತ್ತೇ ಎಂದು ಅವಳೂ ಬಗ್ಗಿ ನೋಡಿದಳು. ಅಪ್ಪ ಮಗಳಿಬ್ಬರೂ ಅದೇ ಹಿಂಬಾಗಿಲಿನಿಂದ ಹೊರಗೆ ಬಂದರು. ಮಯಿಲ್‌ಸಾಮಿಯ ಎದೆ ಶಲ್ಯವನ್ನು ಒಂದು ಗೇಣು ಮುಂದಕ್ಕೆ ತಳ್ಳಿತ್ತು.

ಸಾಲಿನ ಬಳಿ ಕೋಲೂರಿ ಕೂತಿದ್ದ ಪಳನಿಯಮ್ಮ, ಒಳಗಿನ ಗದ್ದಲ ಕೇಳಿಸಿಕೊಂಡವಳು, ಕತ್ತೆತ್ತಿ ಕೇಳಿದಳು: "ಏನಾಯಿತು ಮಯಿಲು?"

"ಓಟು" ಎಂದ ಮಯಿಲ್‌ಸಾಮಿ. ಮಗಳ ಕಡೆ ಒಮ್ಮೆ ನೋಡಿ, ಇಡೀ ಬೀದಿಗೆ ಕೇಳುವಂತೆ ಹೇಳಿದ: "ಎರಡು!"